ಸಿಟ್ಟಲ್ಲಿ ಬೀಸಿದ ಸ್ಟಿಕ್ ಅಂಪೈರ್ ಮುಖಕ್ಕೆ ಬಿತ್ತು. ಎರಡು ಮ್ಯಾಚ್ ನಿಷೇಧ ಸಾಕಾ?

ನೀರ್ಚಾಲಿನ ಮಗಳು

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಇವತ್ತು ಬರೆಯದೆ ಇರಲಿಕ್ಕೆ ಆಗಲಿಲ್ಲ.

ನನ್ನ ಅಪ್ಪ ನಿವೃತ್ತ ಪಿ.ಟಿ. ಮಾಸ್ಟ್ರು. ವಯಸ್ಸು 61. ಶಾಲೆ ಬಿಟ್ಟರೂ ಸೀಟಿ ಬಿಡಲಿಲ್ಲ. ಕಾಸರಗೋಡು, ಸುಳ್ಯ, ಕೊಡಗಿನ ಕಡೆ ಎಲ್ಲಿ ಹಾಕಿ ಟೂರ್ನಮೆಂಟ್ ಇದ್ದರೂ ಕರೆದರೆ ಹೋಗುತ್ತಾರೆ. ಬಸ್ ಚಾರ್ಜು, ಊಟ, ಕೈಗೆ ಐನೂರು ರೂಪಾಯಿ. ಅಷ್ಟೇ.

ಹೋದ ಭಾನುವಾರ ಒಂದು ಕ್ಲಬ್ಬಿನ ಟೂರ್ನಮೆಂಟಿನ ಸೆಮಿಫೈನಲ್. ಕ್ಲಬ್ಬಿನ ಹೆಸರು, ಊರಿನ ಹೆಸರು ಬೇಡ. 1-1 ಆಗಿತ್ತು, ಮುಗಿಯಲು ಐದು ನಿಮಿಷ ಇತ್ತು. ಒಬ್ಬ ಹುಡುಗ ಹಿಂದಿನಿಂದ ಬಂದು ಎದುರಾಳಿಯ ಸ್ಟಿಕ್ಕಿಗೆ ಜೋರಾಗಿ ಬಾರಿಸಿದ. ಅಪ್ಪ ಹಳದಿ ಕಾರ್ಡ್ ಕೊಟ್ಟರು. ಅವನು ಸೈಡ್‌ಲೈನ್ ಕಡೆಗೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಸ್ಟಿಕ್ ಬೀಸಿ ಎಸೆದ. ಅದು ನೆಲಕ್ಕೆ ಬಡಿದು ಎದ್ದು ಅಪ್ಪನ ಎಡಗಣ್ಣಿನ ಕೆಳಗೆ ಬಿತ್ತು.

ನಾನು ಹಗ್ಗದ ಹತ್ತಿರವೇ ನಿಂತಿದ್ದೆ. ಓಡಿ ಹೋಗಿ ನೋಡಿದರೆ ಕನ್ನಡಕದ ಒಂದು ಕಡ್ಡಿ ಅಪ್ಪನ ಕಿವಿಗೆ ನೇತಾಡುತ್ತಿತ್ತು. ಸೀಟಿ ಇನ್ನೂ ಬಾಯಲ್ಲೇ ಇತ್ತು. ಬಿಡಿಸಿಕೊಂಡು ನೋಡಿದೆ, ಅದರ ಪ್ಲಾಸ್ಟಿಕ್ಕಿನ ಮೇಲೆ ಹಲ್ಲಿನ ಗುರುತು ಬಿದ್ದಿತ್ತು.

ಮಂಗಳೂರಿಗೆ ಕರೆದುಕೊಂಡು ಹೋದೆವು. ಕೆನ್ನೆಯ ಮೂಳೆಯಲ್ಲಿ ಬಿರುಕು ಉಂಟು. ಸದ್ಯಕ್ಕೆ ಆಪರೇಷನ್ ಬೇಡ ಅಂದಿದ್ದಾರೆ.

ಸಮಿತಿಯವರು ಆ ಹುಡುಗನಿಗೆ "ಎರಡು ಮ್ಯಾಚ್ ನಿಷೇಧ" ಹಾಕಿದರು. ಅವನ ತಂಡ ಅದೇ ದಿನ ಶೂಟೌಟ್‌ನಲ್ಲಿ ಸೋತು ಹೊರಗೆ ಹೋಯಿತು. ಹಾಗಾಗಿ ಈ ನಿಷೇಧ ಮುಂದಿನ ವರ್ಷ, ಅದೇ ಟೂರ್ನಮೆಂಟಿಗೆ! ಈ ಭಾನುವಾರ ಅವನು ಬೇರೆ ಊರಲ್ಲಿ ಆಡುತ್ತಾನೆ. ಪೋಸ್ಟರಿನಲ್ಲಿ ಅವನ ಫೋಟೋ ಉಂಟು.

"ಗುರಿ ಇಟ್ಟು ಹೊಡೆದದ್ದಲ್ಲ, ಸಿಟ್ಟಲ್ಲಿ ಕೈ ಜಾರಿತು" ಎಂದು ಎಲ್ಲರೂ ಹೇಳುತ್ತಿದ್ದಾರೆ. ನಿಮಗೆ ಎಂತ ಅನಿಸುತ್ತದೆ? ಇಂಥದ್ದಕ್ಕೆ ಸರಿಯಾದ ಶಿಕ್ಷೆ ಯಾವುದು?

ಕುಂಬಳೆ ಕಬಡ್ಡಿ

ಲೈಫ್ ಬ್ಯಾನ್. ಬೇರೆ ಮಾತೇ ಇಲ್ಲ. ಮಾಸ್ಟ್ರು ಈಗ ಹೇಗಿದ್ದಾರೆ ಅಕ್ಕ?

ಉಪ್ಪಳದ ನರ್ಸಮ್ಮ

ಮೊದಲು ಅಪ್ಪನ ವಿಷಯ. ಕಣ್ಣಿನ ಕೆಳಗಿನ ಮೂಳೆಗೆ ಪೆಟ್ಟು ಬಿದ್ದರೆ ಕೆಲವು ವಾರ ಮೂಗಿನಿಂದ ಜೋರಾಗಿ ಸಿಂಬಳ ತೆಗೆಯಬಾರದು. ಗಾಳಿ ಕಣ್ಣಿನ ಸುತ್ತ ಹೋಗಿ ಊದಿಕೊಳ್ಳುತ್ತದೆ. ಮೇಲೆ ನೋಡುವಾಗ ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಅಥವಾ ಮೇಲಿನ ತುಟಿ ಜೋಮು ಹಿಡಿದ ಹಾಗಿದ್ದರೆ ಕೂಡಲೇ ಡಾಕ್ಟ್ರಿಗೆ ಹೇಳಿ. ಕಣ್ಣಿನ ಡಾಕ್ಟ್ರಿಗೆ ಪ್ರತ್ಯೇಕ ತೋರಿಸಿದಿರಾ? ಸ್ಕ್ಯಾನ್ ಸರಿ ಉಂಟು ಅಂತ ಸುಮ್ನೆ ಕೂರಬೇಡಿ.

ನೀರ್ಚಾಲಿನ ಮಗಳು

ನರ್ಸಮ್ಮ, ತುಂಬ ಉಪಕಾರ ಆಯ್ತು. ಜೋಮು ಇದೆ ಎಂದು ಅಪ್ಪ ನಿನ್ನೆಯೇ ಹೇಳಿದ್ದರು, ನಾವು ಊತ ಇರುವುದಕ್ಕೆ ಹಾಗೆ ಅಂದುಕೊಂಡೆವು. ನಾಳೆ ಬೆಳಿಗ್ಗೆಯೇ ತೋರಿಸುತ್ತೇವೆ.

ಮಧೂರು ಲೆಫ್ಟ್ ಔಟ್

ಮಾಸ್ಟ್ರು ಬೇಗ ಗುಣವಾಗಲಿ. ಆದರೆ ಲೈಫ್ ಬ್ಯಾನ್ ಅಂದದ್ದಕ್ಕೆ ನನ್ನ ವಿರೋಧ ಉಂಟು. ಆ ಹುಡುಗನಿಗೆ ಎಷ್ಟು ವಯಸ್ಸು? ಇಪ್ಪತ್ತರ ಆಸುಪಾಸು ಇರಬೇಕು. ನಾನು ಆ ವಯಸ್ಸಲ್ಲಿ ಒಮ್ಮೆ ಅಂಪೈರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಸ್ಟಿಕ್ ಎಸೆಯಲಿಲ್ಲ, ಆದರೆ ಎಸೆಯುವಷ್ಟು ಸಿಟ್ಟು ಇತ್ತು. ನಮ್ಮ ಕೋಚ್ ನನ್ನನ್ನು ಇಡೀ ಸೀಸನ್ ಬೆಂಚಲ್ಲಿ ಕೂರಿಸಿದರು. ಆಮೇಲೆ ಹನ್ನೊಂದು ವರ್ಷ ಆಡಿದೆ, ಒಂದು ಹಸಿರು ಕಾರ್ಡ್ ಕೂಡ ಸಿಗಲಿಲ್ಲ. ಅವತ್ತೇ ಲೈಫ್ ಬ್ಯಾನ್ ಹಾಕಿದ್ದರೆ ನಾನು ಏನೂ ಕಲಿಯುತ್ತಿರಲಿಲ್ಲ.

ಕುಂಬಳೆ ಕಬಡ್ಡಿ

ಬೈದದ್ದು ಬೇರೆ, ಮೂಳೆ ಮುರಿದದ್ದು ಬೇರೆ ಅಣ್ಣ.

ಮಂಜೇಶ್ವರ–ಕ್ಯಾಲ್ಗರಿ

ನಾನು ಊರು ಬಿಟ್ಟು ಕೆನಡಾಕ್ಕೆ ಬಂದು ಸುಮಾರು ವರ್ಷ ಆಯ್ತು. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ. ಇದೇ ಪ್ರಶ್ನೆಗೆ ಇಲ್ಲಿ ಇಡೀ ಊರೇ ಎರಡು ಪಾಲಾಗಿ ಜಗಳ ಆಡಿತ್ತು.

2016ರ ಜನವರಿ 27. ಕ್ಯಾಲ್ಗರಿ ಫ್ಲೇಮ್ಸ್ ಮತ್ತು ನ್ಯಾಶ್ವಿಲ್ ನಡುವಿನ ಮ್ಯಾಚ್. ಫ್ಲೇಮ್ಸ್‌ನ ಡೆನಿಸ್ ವೈಡ್‌ಮನ್‌ಗೆ ಎದುರಾಳಿಯಿಂದ ಜೋರು ಪೆಟ್ಟು ಬಿತ್ತು. ಎದ್ದು ಬೆಂಚಿನ ಕಡೆಗೆ ಹೋಗುವಾಗ ಮುಂದೆ ಇದ್ದ ಲೈನ್ಸ್‌ಮನ್ (ರೆಫ್ರಿಯ ಸಹಾಯಕ) ಡಾನ್ ಹೆಂಡರ್ಸನ್ ಬೆನ್ನಿಗೆ ಸ್ಟಿಕ್ ಅಡ್ಡ ಹಿಡಿದು ದೂಡಿದ. ಹೆಂಡರ್ಸನ್ ಮಕಾಡೆ ಬಿದ್ದರು. "ತಲೆಗೆ ಪೆಟ್ಟಾಗಿ ಅಮಲು ಬಂದ ಹಾಗಿತ್ತು, ಅವರು ಕಾಣಲೇ ಇಲ್ಲ" ಎಂಬುದು ವೈಡ್‌ಮನ್ ಕಡೆಯ ವಾದ. ಲೀಗ್ 20 ಮ್ಯಾಚ್ ನಿಷೇಧ ಹಾಕಿತು. ಅವನು ಅಪೀಲು ಹೋದ. ಲೀಗ್ ಕಮಿಷನರ್ ಒಪ್ಪಲಿಲ್ಲ. ಕಡೆಗೆ ಹೊರಗಿನ ಮಧ್ಯಸ್ಥಗಾರರೊಬ್ಬರು "ಗಾಯ ಮಾಡುವ ಉದ್ದೇಶ ಇರಲಿಲ್ಲ" ಎಂದು ಅದನ್ನು 10ಕ್ಕೆ ಇಳಿಸಿದರು. ಅಷ್ಟರಲ್ಲಿ ಅವನು 19 ಮ್ಯಾಚ್ ಹೊರಗೆ ಕೂತಾಗಿತ್ತು! ಹೆಂಡರ್ಸನ್‌ಗೆ ಕುತ್ತಿಗೆಯ ಆಪರೇಷನ್ ಆಯ್ತು, 2018ರಲ್ಲಿ ಅವರು ಆಟಗಾರನ ಮೇಲೂ ತಂಡದ ಮೇಲೂ ಕೋರ್ಟಿಗೆ ಹೋದರು.

ಇಲ್ಲಿ ನಮಗೆ ಕಲಿಯಲು ಒಂದು ವಿಷಯ ಉಂಟು. ಎನ್‌ಎಚ್‌ಎಲ್‌ನಲ್ಲಿ (ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್) ಶಿಕ್ಷೆ ಎಷ್ಟು ಅಂತ ಜಗಳ ಆದಮೇಲೆ ಯೋಚನೆ ಮಾಡುವುದಿಲ್ಲ, ಮೊದಲೇ ಬರೆದಿಟ್ಟಿದ್ದಾರೆ. ಬೇಕೆಂತಲೇ ಹೊಡೆದು ಗಾಯ ಮಾಡಿದರೆ ಕಡಿಮೆಯೆಂದರೆ 20 ಮ್ಯಾಚ್. ಗಾಯ ಮಾಡುವ ಉದ್ದೇಶ ಇಲ್ಲದೆ ಬೇಕೆಂತಲೇ ಮೈಮೇಲೆ ಬಲ ಹಾಕಿದರೆ 10. ಮೂರನೆಯದು ನೋಡಿ: ರೆಫ್ರಿಯ ಮೇಲೆ, ಅಥವಾ ಅವರು ಇರುವ ದಿಕ್ಕಿಗೆ ಸ್ಟಿಕ್ ಎಸೆದರೂ ಸಾಕು, ಕಡಿಮೆಯೆಂದರೆ 3. ತಾಗಬೇಕು ಅಂತಲೇ ಇಲ್ಲ.

ಪೆರ್ಲ ಟು ಪುತ್ತೂರು

ಐಸ್ ಹಾಕಿ ನಮ್ಮ ಹಾಕಿ ಅಲ್ಲವಲ್ಲ. ಅಲ್ಲಿ ಆಟಗಾರರು ಗುದ್ದಾಡುವುದೇ ಆಟದ ಭಾಗ.

ಮಂಜೇಶ್ವರ–ಕ್ಯಾಲ್ಗರಿ

ಆಟಗಾರರು ಪರಸ್ಪರ ಗುದ್ದಾಡಿದರೆ ಐದು ನಿಮಿಷ ಹೊರಗೆ. ರೆಫ್ರಿಯನ್ನು ಮುಟ್ಟಿದರೆ ಮ್ಯಾಚ್‌ಗಟ್ಟಲೆ ಹೊರಗೆ. ಅಷ್ಟು ಒರಟು ಆಟದಲ್ಲೇ ಆ ಗೆರೆ ಇಟ್ಟಿದ್ದಾರೆ. ನಮ್ಮ ಆಟದಲ್ಲಿ ಇನ್ನೂ ಗಟ್ಟಿ ಇರಬೇಡವಾ?

ಪಾಣತ್ತೂರು ಘಾಟಿ

ನಮ್ಮ ಮನೆಯಿಂದ ಘಾಟಿ ಹತ್ತಿದರೆ ಭಾಗಮಂಡಲ. ಚಿಕ್ಕಂದಿನಿಂದ ಕೊಡಗಿನ ಹಾಕಿ ನೋಡಿ ಬೆಳೆದವನು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ನಡುವೆ ಹಾಕಿ ಹಬ್ಬ ಶುರು ಮಾಡಿದಾಗ 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ. ಅಷ್ಟು ತಂಡ ಅಂದರೆ ಎಷ್ಟು ಅಂಪೈರ್ ಬೇಕು, ಲೆಕ್ಕ ಹಾಕಿ. ಒಂದು ಮ್ಯಾಚಿಗೆ ಇಬ್ಬರು, ಒಬ್ಬೊಬ್ಬರಿಗೆ ಅರ್ಧ ಮೈದಾನ. ಬಿಸಿಲಲ್ಲಿ ಇಡೀ ದಿನ ಓಡಬೇಕು.

ಸ್ಟಿಕ್ ಹಗುರ ಅಂತ ಯಾರೂ ತಿಳಿಯಬೇಡಿ. ನಿಯಮದ ಪ್ರಕಾರ 737 ಗ್ರಾಂವರೆಗೆ ಇರಬಹುದು. ಮುಕ್ಕಾಲು ಕಿಲೋ ಹತ್ತಿರ! ಈಗಿನದು ಕಾರ್ಬನ್ ಸ್ಟಿಕ್, ಮರದ ಹಾಗೆ ಬಾಗುವುದಿಲ್ಲ. ಕೈಯಿಂದ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಅಂತ ಎಸೆದವನಿಗೇ ಗೊತ್ತಿರುವುದಿಲ್ಲ. ಅದಕ್ಕೇ ಎಸೆಯಬಾರದು ಅಂತ ನಿಯಮ ಇರುವುದು. "ಕೈ ಜಾರಿತು" ಅನ್ನುವ ಮಾತು ನಾಲ್ಕು ಹೆಜ್ಜೆ ಹೋಗಿ ತಿರುಗಿದವನಿಗೆ ಒಪ್ಪುವುದಿಲ್ಲ.

ಬೋವಿಕ್ಕಾನ ಬಾಯ್ಸ್

ನಾನು ಒಂದು ಕ್ಲಬ್ಬಿನ ಸಮಿತಿಯಲ್ಲಿ ಇದ್ದೇನೆ (ಈ ಟೂರ್ನಮೆಂಟ್ ನಮ್ಮದಲ್ಲ). ಸಮಿತಿಯ ಕಷ್ಟವನ್ನೂ ಕೇಳಿ ಮಾರಾಯ್ರೆ. ರಾತ್ರಿ ಒಂಬತ್ತು ಗಂಟೆಗೆ ಒಂದು ಕಡೆ ರಕ್ತ ಸುರಿಯುತ್ತಿರುವ ಅಂಪೈರ್, ಇನ್ನೊಂದು ಕಡೆ ಸ್ಟಿಕ್ ಹಿಡಿದುಕೊಂಡೇ ನಿಂತ ಎರಡು ತಂಡ, ಹಗ್ಗ ದಾಟಿ ಬಂದ ಜನ. ಮೈಕ್ ಸೆಟ್‌ನವನು, ಲೈಟಿನವನು, ಶಾಮಿಯಾನದವನು ದುಡ್ಡಿಗೆ ಕಾಯುತ್ತಿರುತ್ತಾರೆ. ಫೈನಲ್ ಆಗದಿದ್ದರೆ ಪ್ರಾಯೋಜಕರು ದುಡ್ಡು ಕೊಡುವುದಿಲ್ಲ. ಆ ಹೊತ್ತಲ್ಲಿ ಐದು ಜನ ಒಟ್ಟಾಗಿ ಐದು ನಿಮಿಷದಲ್ಲಿ ತೀರ್ಮಾನ ಮಾಡಬೇಕು. ಎರಡು ಮ್ಯಾಚ್ ಅಂತ ಮೈಕಲ್ಲಿ ಹೇಳಿ ಮುಗಿಸುತ್ತಾರೆ. ತಪ್ಪೇ, ಆದರೆ ಹೀಗೆ ಆಗುತ್ತದೆ.

ನೀರ್ಚಾಲಿನ ಮಗಳು

ಅಣ್ಣ, ಅವತ್ತು ರಾತ್ರಿಯ ತುರ್ತು ನನಗೂ ಅರ್ಥ ಆಗುತ್ತದೆ. ಆದರೆ ಮರುದಿನ? ಅದರ ಮರುದಿನ? ಇವತ್ತಿಗೆ ಐದು ದಿನ ಆಯ್ತು. ಒಬ್ಬರೂ ಮನೆಗೆ ಬರಲಿಲ್ಲ. ಒಂದು ಫೋನ್ ಬಂತು, "ಮಾಸ್ಟ್ರೇ, ಹುಡುಗ ಒಳ್ಳೆಯವನು, ಒಂದು ಕೈಕುಲುಕುವ ಫೋಟೋ ತೆಗೆದು ಹಾಕುವ" ಅಂತ.

ಬೋವಿಕ್ಕಾನ ಬಾಯ್ಸ್

ಅದು ಖಂಡಿತ ತಪ್ಪು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ.

ಬೇಸ್‌ಲೈನ್

ಟೆನ್ನಿಸ್ ನೋಡುವವನಾಗಿ ಒಂದು ಮಾತು. "ಗುರಿ ಇಟ್ಟದ್ದಲ್ಲ" ಎನ್ನುವುದು ಅಲ್ಲಿ ನಡೆಯುವುದಿಲ್ಲ. 2020ರ ಯುಎಸ್ ಓಪನ್‌ನಲ್ಲಿ ಜೊಕೊವಿಚ್ ಒಂದು ಗೇಮ್ ಸೋತ ಸಿಟ್ಟಲ್ಲಿ ಚೆಂಡನ್ನು ಹಿಂದಕ್ಕೆ ಹೊಡೆದ. ಅತ್ತ ನೋಡಲೂ ಇಲ್ಲ. ಅದು ಲೈನ್ ಜಡ್ಜ್ ಆಗಿದ್ದ ಹೆಂಗಸಿನ ಕುತ್ತಿಗೆಗೆ ಬಡಿಯಿತು. ಬೇಕೆಂತ ಹೊಡೆದ ಅಂತ ಯಾರೂ ಹೇಳಲಿಲ್ಲ. ಆದರೂ ಅಲ್ಲಿಗೇ ಟೂರ್ನಮೆಂಟಿನಿಂದ ಹೊರಗೆ. ಆಗ ಅವನು ಜಗತ್ತಿನ ನಂಬರ್ ಒನ್.

ಅದಕ್ಕಿಂತ ಮೊದಲು 2017ರಲ್ಲಿ ಡೇವಿಸ್ ಕಪ್‌ನಲ್ಲಿ (ದೇಶಗಳ ನಡುವಿನ ಟೆನ್ನಿಸ್) ಕೆನಡಾದ ಶಪೊವಲೊವ್, ಆಗ 17 ವರ್ಷ, ಸಿಟ್ಟಲ್ಲಿ ಹೊಡೆದ ಚೆಂಡು ಸೀದಾ ಕುರ್ಚಿಯಲ್ಲಿ ಕೂತಿದ್ದ ಅಂಪೈರ್ ಕಣ್ಣಿಗೆ. ಕಣ್ಣಿನ ಗೂಡಿನ ಮೂಳೆ ಮುರಿದು ಆಪರೇಷನ್ ಆಯ್ತು. ಹುಡುಗನನ್ನು ಅನರ್ಹ ಮಾಡಿದರು, ದಂಡ ಹಾಕಿದರು, ಅದರಿಂದ ಕೆನಡಾ ಇಡೀ ಪಂದ್ಯಾವಳಿಯ ಆ ಸುತ್ತನ್ನೇ ಸೋತಿತು. ಅವನು ಅಂಪೈರ್ ಹತ್ತಿರ ಕ್ಷಮೆ ಕೇಳಿದ, ತಪ್ಪು ಪೂರ್ತಿ ತನ್ನದು ಅಂದ. ಆಮೇಲೆ ಅವನು ದೊಡ್ಡ ಆಟಗಾರನೂ ಆದ. ಮಧೂರು ಅಣ್ಣ ಹೇಳಿದ ಹಾಗೆ ಹುಡುಗರಿಗೆ ಇನ್ನೊಂದು ಅವಕಾಶ ಇರಲಿ. ಆದರೆ ಶಿಕ್ಷೆ ಆದಮೇಲೆ.

ಮಧೂರು ಲೆಫ್ಟ್ ಔಟ್

ಇದನ್ನು ನಾನು ಒಪ್ಪುತ್ತೇನೆ. ನಾನು ಶಿಕ್ಷೆ ಬೇಡ ಅಂದದ್ದಲ್ಲ.

ಪೆರ್ಲ ಟು ಪುತ್ತೂರು

ಲೈಫ್ ಬ್ಯಾನ್ ಆದದ್ದೂ ಉಂಟು. 2008ರ ಬೀಜಿಂಗ್ ಒಲಿಂಪಿಕ್ಸ್, ಟೇಕ್ವಾಂಡೊ. ಕ್ಯೂಬಾದ ಮಾತೊಸ್ ರೆಫ್ರಿಯ ಮುಖಕ್ಕೇ ಒದ್ದ. ಆಜೀವ ನಿಷೇಧ. ಅವನ ಕೋಚ್‌ಗೂ ಅದೇ.

ಕುಂಬಳೆ ಕಬಡ್ಡಿ

ಹಾಗೆ ಇರಬೇಕು!

ಹಳೇ ಗೋಲ್‌ಪೋಸ್ಟ್

ನಾನು ವಯಸ್ಸಾದವನು, 1972 ನೆನಪುಂಟು. ರೇಡಿಯೋ ಕಾಲ. ಮ್ಯೂನಿಕ್ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ಪಶ್ಚಿಮ ಜರ್ಮನಿಗೆ 1-0ಯಿಂದ ಸೋತಿತು. ಅಂಪೈರಿಂಗ್ ಸರಿ ಇಲ್ಲ ಎಂದು ಆಟಗಾರರು ಗಲಾಟೆ ಎಬ್ಬಿಸಿದರು, ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ಅಧ್ಯಕ್ಷರ ಮೇಲೆ ನೀರು ಸುರಿದರು. ಪದಕ ಕೊಡುವಾಗಲೂ ಮರ್ಯಾದೆ ಕೊಡಲಿಲ್ಲ. ಹನ್ನೊಂದು ಆಟಗಾರರಿಗೆ ಆಜೀವ ನಿಷೇಧ ಅಂತ ಘೋಷಣೆ ಆಯ್ತು. ಆಮೇಲೆ? ಅದನ್ನು ಸಡಿಲ ಮಾಡಿದರು.

ನಾನು ಹೇಳುವುದು ಇಷ್ಟೇ ಮಕ್ಕಳೇ. ದೊಡ್ಡ ಶಿಕ್ಷೆ ಕೂಗಿ ಹೇಳುವುದು ಸುಲಭ. ಸಿಟ್ಟು ಇಳಿದ ಮೇಲೆ ಎಲ್ಲರೂ ಕರಗುತ್ತಾರೆ. ಚಿಕ್ಕದಾದರೂ ಪೂರ್ತಿ ನಡೆಯುವ ಶಿಕ್ಷೆ ಹಾಕಿ. (ಅದೇ ಒಲಿಂಪಿಕ್ಸ್‌ನಲ್ಲಿ ನಮಗೆ ಕಂಚು. ಗೋಲ್‌ಕೀಪರ್ ನಮ್ಮ ಪಕ್ಕದ ಕಣ್ಣೂರಿನ ಮ್ಯಾನ್ಯುಯೆಲ್ ಫ್ರೆಡರಿಕ್. ಒಲಿಂಪಿಕ್ ಪದಕ ತಂದ ಮೊದಲ ಕೇರಳಿಗ. ನಮ್ಮ ಕಡೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.)

ಹೊಸಂಗಡಿ ಹಾಫ್‌ಟೈಮ್

ಶ್ರೀಜೇಶ್ ಗೊತ್ತು, ಫ್ರೆಡರಿಕ್ ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಜ್ಜ.

ಮಂಜೇಶ್ವರ–ಕ್ಯಾಲ್ಗರಿ

ಅಜ್ಜ ಹೇಳಿದ್ದಕ್ಕೆ ಇನ್ನೊಂದು ಉದಾಹರಣೆ. ಮಾಂಟ್ರಿಯಲ್‌ನ ಮೋರಿಸ್ ರಿಚರ್ಡ್, ಆ ಕಾಲದ ಐಸ್ ಹಾಕಿಯ ದೊಡ್ಡ ಸ್ಟಾರ್. 1954ರ ಡಿಸೆಂಬರ್‌ನಲ್ಲಿ ಲೈನ್ಸ್‌ಮನ್ ಮೇಲೆ ಕೈ ಮಾಡಿದಾಗ ದಂಡ ಹಾಕಿ ಬಿಟ್ಟರು. ಮೂರು ತಿಂಗಳಲ್ಲಿ, 1955ರ ಮಾರ್ಚ್ 13ಕ್ಕೆ, ಬಾಸ್ಟನ್‌ನಲ್ಲಿ ಜಗಳ ಬಿಡಿಸಲು ಬಂದ ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್‌ಗೆ ಗುದ್ದಿದ. ಆಗ ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಸೀಸನ್ನಿನ ಉಳಿದ ಎಲ್ಲ ಮ್ಯಾಚು, ಪ್ಲೇಆಫ್ ಸೇರಿ, ನಿಷೇಧ ಮಾಡಿದರು. ಮಾರ್ಚ್ 17ಕ್ಕೆ ಮಾಂಟ್ರಿಯಲ್‌ನಲ್ಲಿ ದೊಂಬಿಯೇ ಆಯ್ತು. ಅಂಗಡಿ ಗಾಜು ಒಡೆದರು, ಮ್ಯಾಚ್ ನಿಂತಿತು. ಕ್ಯಾಂಪ್‌ಬೆಲ್ ಶಿಕ್ಷೆ ಹಿಂದೆ ತೆಗೆಯಲಿಲ್ಲ. ಕಡೆಗೆ ರಿಚರ್ಡ್ ಸ್ವತಃ ರೇಡಿಯೋದಲ್ಲಿ ಬಂದು, ಶಿಕ್ಷೆ ಅನುಭವಿಸುತ್ತೇನೆ, ಗಲಾಟೆ ನಿಲ್ಲಿಸಿ ಎಂದು ಜನರನ್ನು ಕೇಳಿಕೊಂಡ.

ಮೊದಲ ಸಲ ಬಿಟ್ಟದ್ದೇ ತಪ್ಪಾಯ್ತು ಅಂತ ನನಗೆ ಅನಿಸುವುದು.

ಕೋರ್ಟು ರಸ್ತೆ

ವಕೀಲನಾಗಿ ನಾಲ್ಕು ಮಾತು. ಆಟದಲ್ಲಿ ಆಗುವ ಗಾಯಕ್ಕೆ ಕಾನೂನು ಸ್ವಲ್ಪ ರಿಯಾಯಿತಿ ಕೊಡುತ್ತದೆ. ಯಾಕೆಂದರೆ ಆಡುವವರು ಒಪ್ಪಿಕೊಂಡೇ ಇಳಿದಿರುತ್ತಾರೆ. ಹಳೆಯ ಐಪಿಸಿ 87ನೇ ಸೆಕ್ಷನ್‌ನಲ್ಲೇ ಕತ್ತಿವರಸೆ ಆಡುವ ಇಬ್ಬರ ಉದಾಹರಣೆ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 25ರಲ್ಲಿ ಅದೇ ಉಂಟು. ಆದರೆ ಅದರಲ್ಲೂ ಒಂದು ಷರತ್ತು, ಮೋಸವಿಲ್ಲದೆ ಆಡುವಾಗ ಆದ ಗಾಯ ಆಗಿರಬೇಕು. ಅಂಪೈರ್ ಓಡುವಾಗ ಚೆಂಡು ತಾಗಬಹುದು ಎನ್ನುವುದಕ್ಕೆ ಒಪ್ಪಿರುತ್ತಾರೆ. ಕಾರ್ಡ್ ಕೊಟ್ಟದ್ದಕ್ಕೆ ಸ್ಟಿಕ್ ಎಸೆಯುವುದಕ್ಕೆ ಯಾರೂ ಒಪ್ಪಿರುವುದಿಲ್ಲ. ಅದು ಆಟವೇ ಅಲ್ಲ.

ಮೂಳೆ ಮುರಿದರೆ ಅಥವಾ ಬಿರುಕು ಬಿಟ್ಟರೆ ಅದು "ಘೋರ ಗಾಯ" ಆಗುತ್ತದೆ. ಬೇಕೆಂತ ಮಾಡಿದ್ದು ಎಂದು ಸಾಬೀತಾದರೆ ಏಳು ವರ್ಷದವರೆಗೆ ಶಿಕ್ಷೆ ಇರಬಹುದು. ಬೇಕೆಂತ ಅಲ್ಲ, ದುಡುಕಿನಿಂದ ಆದದ್ದು ಅಂದರೂ 125ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ. "ಕೈ ಜಾರಿತು" ಅಂದ ಕೂಡಲೇ ಬಿಡುಗಡೆ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಏನು ಹೇಳಿದಿರಿ ಅಕ್ಕ? "ಆಟವಾಡುವಾಗ ಬಿದ್ದದ್ದು" ಅಂತ ಬರೆಸಿದ್ದರೆ ಕಷ್ಟ. ವೂಂಡ್ ಸರ್ಟಿಫಿಕೇಟಿನಲ್ಲಿ ಏನಿದೆ ಅಂತ ನೋಡಿ. ಬಿಲ್ಲುಗಳನ್ನೆಲ್ಲ ತೆಗೆದಿಡಿ. ಕೇಸು ಹಾಕಬೇಕಾ ಬೇಡವಾ ಎನ್ನುವುದು ನಿಮ್ಮ ಇಷ್ಟ, ಕಾಗದ ಮಾತ್ರ ಸರಿ ಇರಲಿ.

ನೀರ್ಚಾಲಿನ ಮಗಳು

ಸಾರ್, ನಾನು "ಅಂಪೈರ್ ಆಗಿದ್ದಾಗ ಸ್ಟಿಕ್ ಎಸೆದು ತಾಗಿದ್ದು" ಎಂದೇ ಹೇಳಿದ್ದೆ. ಅಪ್ಪ ಪಕ್ಕದಲ್ಲಿ ಕೂತು "ಬಿದ್ದದ್ದು ಅಂತ ಹೇಳು" ಅಂತ ನನ್ನ ಕೈ ಒತ್ತುತ್ತಿದ್ದರು. ನಾನು ಕೇಳಲಿಲ್ಲ.

ಪೊಲೀಸ್ ಕೇಸು ಅಪ್ಪನಿಗೆ ಬೇಡ. "ನಾನು 30 ವರ್ಷ ಇಂಥ ಮಕ್ಕಳಿಗೇ ಆಟ ಕಲಿಸಿದವನು, ಒಬ್ಬನನ್ನು ಸ್ಟೇಷನ್ನಿಗೆ ಹತ್ತಿಸಲಾರೆ" ಅನ್ನುತ್ತಾರೆ. ಆಟದ ಒಳಗೇ ಶಿಕ್ಷೆ ಆಗಲಿ ಎಂಬುದು ಅವರ ಮಾತು. ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಪೆಟ್ಟು ತಿಂದವರು ಅವರು.

ಹೊಸಂಗಡಿ ಹಾಫ್‌ಟೈಮ್

ವಿಡಿಯೋ ಯಾರ ಹತ್ತಿರವಾದರೂ ಉಂಟಾ? ನೋಡದೆ ಹೇಗೆ ಹೇಳುವುದು. ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು, ಕೆಂಪು ಕಾರ್ಡ್. ಹತ್ತೇ ಜನ ಉಳಿದು ಶೂಟೌಟ್‌ನಲ್ಲಿ 4-2ರಿಂದ ಗೆದ್ದೆವು. ಉದ್ದೇಶ ಇರಲಿಲ್ಲ ಎಂದು ನಾವೆಲ್ಲ ಎಷ್ಟು ಕೂಗಿದೆವು! ನಾವು ಅವತ್ತು ಒಂದು ಹೇಳಿ ಇವತ್ತು ಇನ್ನೊಂದು ಹೇಳಬಾರದಲ್ವಾ?

ಪಾಣತ್ತೂರು ಘಾಟಿ

ಒಳ್ಳೆ ಪ್ರಶ್ನೆ. ವ್ಯತ್ಯಾಸ ಉಂಟು. ರೋಹಿದಾಸ್ ಚೆಂಡಿನ ಹಿಂದೆ ಓಡುತ್ತಿದ್ದ, ಸ್ಟಿಕ್ ಎತ್ತಿದ್ದು ಆಟದ ಒಳಗೆ. ಆದರೂ ಒಂದು ಮ್ಯಾಚ್ ಹೊರಗೆ ಕೂರಿಸಿದರು, ಹಾಕಿ ಇಂಡಿಯಾ ಅಪೀಲು ಮಾಡಿದರೂ ಬಿಡಲಿಲ್ಲ. ಸೆಮಿಫೈನಲ್‌ನಲ್ಲಿ ಅವನಿಲ್ಲದೆ ಜರ್ಮನಿಗೆ 2-3ರಿಂದ ಸೋತೆವು. ಆಟದ ಒಳಗೆ ಆದದ್ದಕ್ಕೇ ಅಷ್ಟು. ಇಲ್ಲಿ ಸೀಟಿ ಊದಿ ಆಟ ನಿಂತಿತ್ತು. ಚೆಂಡು ಎಲ್ಲಿಯೋ ಇತ್ತು.

ಹೊಸಂಗಡಿ ಹಾಫ್‌ಟೈಮ್

ಹಾಂ, ಆಟ ನಿಂತಿತ್ತು ಎನ್ನುವುದು ಮುಖ್ಯ. ಸರಿ, ಒಪ್ಪಿದೆ.

ಸೀಟಿ 22

ನಾನೂ ಅಂಪೈರ್. ಹೆಂಗಸು. 22 ವರ್ಷ. ಶಾಲೆಯ ಪಂದ್ಯಗಳಿಗೆ ಹೋಗುತ್ತೇನೆ. ನೀರ್ಚಾಲಿನ ಮಾಸ್ಟ್ರೇ ನನಗೆ ಸೀಟಿ ಊದಲು ಕಲಿಸಿದವರು (ಯಾರೆಂದು ನನಗೆ ಗೊತ್ತಾಯ್ತು ಅಕ್ಕ, ಹೆಸರು ಹೇಳುವುದಿಲ್ಲ). "ಮೊದಲು ಊದು, ಆಮೇಲೆ ಕೈ ತೋರಿಸು. ಅನುಮಾನ ಇದ್ದರೂ ಸೀಟಿ ಗಟ್ಟಿ ಇರಲಿ" ಅನ್ನುತ್ತಿದ್ದರು.

ಈ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಅಮ್ಮ ಇನ್ನು ಹೋಗುವುದು ಬೇಡ ಅಂದಿದ್ದಾರೆ. ನನ್ನ ಜೊತೆ ಕಲಿತ ಇಬ್ಬರು ಹೋದ ವರ್ಷವೇ ಬಿಟ್ಟರು. ಅವರಿಗೆ ಯಾರೂ ಹೊಡೆಯಲಿಲ್ಲ. ಮ್ಯಾಚ್ ಮುಗಿದ ಮೇಲೆ ಬಸ್‌ಸ್ಟ್ಯಾಂಡ್‌ವರೆಗೆ ಹಿಂದೆ ಬಂದು ಬೈದರು, ಅಷ್ಟೇ. ಅಷ್ಟಕ್ಕೇ ಬಿಟ್ಟರು. ಮಾಸ್ಟ್ರ ಅಷ್ಟು ಅನುಭವ ಇದ್ದವರಿಗೇ ಹೀಗೆ ಆಗಿ, ಹೊಡೆದವನು ಮುಂದಿನ ವಾರ ಆಡುತ್ತಾನೆ ಅಂದರೆ ನಾನು ಅಮ್ಮನಿಗೆ ಎಂತ ಹೇಳಲಿ?

ಮಧೂರು ಲೆಫ್ಟ್ ಔಟ್

ನಿಮ್ಮ ಮಾತು ಓದಿ ನನಗೆ ಬೇಜಾರಾಯ್ತು ತಂಗಿ. ನಾನು ಹುಡುಗನ ಭವಿಷ್ಯ ಮಾತ್ರ ಯೋಚಿಸಿದೆ. ನಿಮ್ಮದು ಯೋಚಿಸಲಿಲ್ಲ.

ಕುಂಬಳೆ ಕಬಡ್ಡಿ

ಕಬಡ್ಡಿಯಲ್ಲೂ ಇದೇ ಕಥೆ. ಹೊನಲು ಬೆಳಕಿನ ಪಂದ್ಯದಲ್ಲಿ ಗೆರೆ ಮುಟ್ಟಿದ್ದಾ ಇಲ್ಲವಾ ಅಂತ ಲೈನ್‌ಮನ್ ಕುತ್ತಿಗೆಪಟ್ಟಿ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಹಿಡಿದವನು ಮರುವಾರ ಬೇರೆ ತಂಡದ ಗೆಸ್ಟ್ ಪ್ಲೇಯರ್.

ಬೋವಿಕ್ಕಾನ ಬಾಯ್ಸ್

ಇಲ್ಲೇ ಗಂಟು ಇರುವುದು. ಗೆಸ್ಟ್ ಪ್ಲೇಯರ್! ಒಳ್ಳೆ ಆಟಗಾರ ಒಂದು ಸೀಸನ್‌ನಲ್ಲಿ ಐದಾರು ಕ್ಲಬ್ಬಿನ ಜೆರ್ಸಿ ಹಾಕುತ್ತಾನೆ. ನಾವು ಹಾಕಿದ ನಿಷೇಧ ಪಕ್ಕದ ಊರಲ್ಲಿ ನಡೆಯುವುದಿಲ್ಲ. ಅವರಿಗೆ ಅವನು ಬೇಕು, ಅವನ ಹೆಸರು ಹಾಕಿದರೆ ಜನ ಬರುತ್ತಾರೆ. ಹಾಗಾಗಿ ಎರಡು ಮ್ಯಾಚ್ ಅಂದರೂ ಇಪ್ಪತ್ತು ಮ್ಯಾಚ್ ಅಂದರೂ ಒಂದೇ. ನಮ್ಮ ಟೂರ್ನಮೆಂಟೇ ವರ್ಷಕ್ಕೆ ಎರಡು ದಿನ.

ಮ್ಯಾಚ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಹಿಡಿಯಬೇಕು. ಮತ್ತು ಎಲ್ಲ ಕ್ಲಬ್ಬುಗಳೂ ಒಪ್ಪಬೇಕು.

ಹಳೇ ಗೋಲ್‌ಪೋಸ್ಟ್

2019ರ ನವೆಂಬರಲ್ಲಿ ದೆಹಲಿಯಲ್ಲಿ ನೆಹರೂ ಕಪ್ ಫೈನಲ್. ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ಆಟಗಾರರು ಟರ್ಫ್ ಮೇಲೆಯೇ ಸ್ಟಿಕ್ಕಿನಲ್ಲಿ ಹೊಡೆದಾಡಿಕೊಂಡರು. ಹಾಕಿ ಇಂಡಿಯಾ ತಿಂಗಳ ಲೆಕ್ಕದಲ್ಲೇ ಆಟಗಾರರನ್ನು ಅಮಾನತು ಮಾಡಿತು, ತಂಡಗಳನ್ನೂ ಬಿಡಲಿಲ್ಲ. ಅಲ್ಲಿ ಮೇಲೆ ಒಂದು ಸಂಸ್ಥೆ ಇದೆ, ನಡೆಯಿತು. ನಮ್ಮ ಹಳ್ಳಿ ಟೂರ್ನಮೆಂಟಿಗೆ ಮೇಲೆ ಯಾರೂ ಇಲ್ಲ. ಬೋವಿಕ್ಕಾನದವರು ಹೇಳಿದ್ದು ಸರಿ, ಕ್ಲಬ್ಬುಗಳೇ ಕೈ ಸೇರಿಸಬೇಕು.

ಪೆರ್ಲ ಟು ಪುತ್ತೂರು

ಕ್ಲಬ್ಬುಗಳು ಒಪ್ಪುವುದಿಲ್ಲ ಬಿಡಿ. ಗೆಲ್ಲುವುದು ಮುಖ್ಯ ಅವರಿಗೆ.

ಸೀಟಿ 22

ಕ್ಲಬ್ಬುಗಳು ಒಪ್ಪದಿದ್ದರೆ ಅಂಪೈರುಗಳು ಒಪ್ಪಬಹುದಲ್ಲ? ನಮ್ಮ ಕಡೆ ಸೀಟಿ ಊದುವವರು ಎಷ್ಟು ಜನ? ಬೆರಳಲ್ಲಿ ಎಣಿಸಬಹುದು. ನಿಷೇಧ ಆದವನನ್ನು ಇಳಿಸಿದರೆ ಆ ಮ್ಯಾಚಿಗೆ ನಾವು ಯಾರೂ ಬರುವುದಿಲ್ಲ ಅಂತ ಎಲ್ಲರೂ ಒಟ್ಟಿಗೆ ಹೇಳಿದರೆ?

ಪಾಣತ್ತೂರು ಘಾಟಿ

ಇದು!! ಇದನ್ನು ಮೊದಲೇ ಯಾಕೆ ಯಾರೂ ಮಾಡಲಿಲ್ಲ?

ಬೋವಿಕ್ಕಾನ ಬಾಯ್ಸ್

ಸಮಿತಿಯವನಾಗಿ ಹೇಳುತ್ತೇನೆ, ಇದು ನಡೆಯುತ್ತದೆ. ಅಂಪೈರ್ ಸಿಗದಿದ್ದರೆ ನಮಗೆ ಕೈಕಾಲು ಆಡುವುದಿಲ್ಲ. ನಮ್ಮ ಕ್ಲಬ್ಬಿನ ಸಭೆ ಶನಿವಾರ ಉಂಟು. ಮೂರು ವಿಷಯ ಇಡುತ್ತೇನೆ. ಸ್ಟಿಕ್ ಎಸೆದು ಅಂಪೈರಿಗೆ ಗಾಯ ಆದರೆ ಒಂದು ವರ್ಷ, ಎಸೆದು ತಾಗದಿದ್ದರೂ ಮೂರು ತಿಂಗಳು. ಆಸ್ಪತ್ರೆ ಖರ್ಚು ತಂಡದ್ದು, ಅದಕ್ಕೆ ಪ್ರವೇಶ ಶುಲ್ಕದ ಜೊತೆ ಠೇವಣಿ. ಬೇರೆ ಕ್ಲಬ್ ನಿಷೇಧ ಹಾಕಿದವನನ್ನು ನಾವೂ ಆಡಿಸುವುದಿಲ್ಲ.

ಕೋರ್ಟು ರಸ್ತೆ

ಪ್ರವೇಶ ಪತ್ರದಲ್ಲೇ ಇದನ್ನು ಅಚ್ಚು ಹಾಕಿಸಿ, ಪ್ರತಿ ಆಟಗಾರನ ಸಹಿ ತೆಗೆದುಕೊಳ್ಳಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಓದಲಿಲ್ಲ ಅನ್ನಬಾರದು. ಮತ್ತೆ ಆಟಗಾರನ ಮಾತು ಕೇಳದೆ ಶಿಕ್ಷೆ ಹಾಕಬೇಡಿ. ಮೂರು ದಿನದೊಳಗೆ ಕೂತು ಇಬ್ಬರ ಮಾತೂ ಕೇಳಿ ಬರೆದು ಕೊಡಿ. ಮೈಕಲ್ಲಿ ಘೋಷಣೆ ಬೇಡ. ಕರಡು ನಾನು ಮಾಡಿಕೊಡುತ್ತೇನೆ, ಫೀಸು ಬೇಡ.

ಮಧೂರು ಲೆಫ್ಟ್ ಔಟ್

ಒಂದು ಸೇರಿಸಿ. ನಿಷೇಧ ಮುಗಿಯುವ ಮೊದಲು ಆ ಹುಡುಗ ಶಾಲಾ ಮಕ್ಕಳ ಹತ್ತು ಮ್ಯಾಚಿಗೆ ಸೀಟಿ ಊದಬೇಕು. ಅಂಪೈರ್ ಆಗಿ ನಿಂತು ನೋಡಲಿ.

ಕುಂಬಳೆ ಕಬಡ್ಡಿ

ನಾನು ಲೈಫ್ ಬ್ಯಾನ್‌ನಿಂದ ಒಂದು ವರ್ಷಕ್ಕೆ ಇಳಿಯುತ್ತೇನೆ, ಆದರೆ ಎರಡನೇ ಸಲ ಮಾಡಿದರೆ ಇಳಿಯುವುದಿಲ್ಲ.

ನೀರ್ಚಾಲಿನ ಮಗಳು

ಇವತ್ತು ಮಂಗಳೂರಿಗೆ ಹೋಗಿ ಬಂದೆವು. ಕಣ್ಣಿನ ಡಾಕ್ಟ್ರು ನೋಡಿದರು, ದೃಷ್ಟಿಗೆ ತೊಂದರೆ ಇಲ್ಲ. ಜೋಮು ಹೋಗಲು ಕೆಲವು ತಿಂಗಳು ಬೇಕಂತೆ. ನರ್ಸಮ್ಮ, ನಿಮ್ಮಿಂದಾಗಿ ಕೇಳಿದೆವು.

ಬರುವಾಗ ತಲಪಾಡಿ ದಾಟಿದ ಮೇಲೆ ಕಾರಿನಲ್ಲಿ ಈ ಚರ್ಚೆ ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. ಹತ್ತು ಮ್ಯಾಚ್ ಸೀಟಿ ಊದುವ ಮಾತಿಗೆ "ಅವನಿಗೆ ಮೊದಲು ನಿಯಮ ಕಲಿಸಬೇಕು, ಯಾರು ಕಲಿಸುವುದು?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು "ನಾನೇ ಕಲಿಸುತ್ತೇನೆ ಅಂತ ಬರೆ. ಆದರೆ ಒಂದು ವರ್ಷ ಪೂರ್ತಿ ಆಗಬೇಕು, ಒಂದು ದಿನವೂ ಕಡಿಮೆ ಮಾಡಬೇಡಿ ಅಂತಲೂ ಬರೆ" ಅಂದರು.

ಸೀಟಿ 22, ಅಪ್ಪನಿಗೆ ನೀನು ಯಾರೆಂದು ಗೊತ್ತಾಯ್ತು. ಅಮ್ಮನ ಹತ್ತಿರ ಅವರೇ ಮಾತಾಡುತ್ತಾರಂತೆ. ನಂಬರ್ ಕಳಿಸು.

ಸೀಟಿ 22

ಕಳಿಸಿದೆ ಅಕ್ಕ. ಸಂಜೆ ಏಳರ ಮೇಲೆ ಮಾಡಲು ಹೇಳಿ, ಅಮ್ಮ ಆಗ ಮನೆಯಲ್ಲಿರುತ್ತಾರೆ.

ಬೋವಿಕ್ಕಾನ ಬಾಯ್ಸ್

ಭಾನುವಾರದ ಟೂರ್ನಮೆಂಟಿನವರಿಗೆ ಫೋನ್ ಮಾಡಿದ್ದೆ. ಮೊದಲು ಒಪ್ಪಲಿಲ್ಲ. ಅಂಪೈರುಗಳ ವಿಷಯ ಹೇಳಿದ ಮೇಲೆ ಯೋಚಿಸುತ್ತೇವೆ ಅಂದರು. ಪೋಸ್ಟರಿನಿಂದ ಫೋಟೋ ತೆಗೆದಿದ್ದಾರೆ, ಈಗಷ್ಟೇ ನೋಡಿದೆ.